ಕಾಯಿದೆಯ ಕೈಗೆ ಸಿಗದ ಕೊಲೆ

ಕ್ಯಾನಡಾ ಹಾಗೂ ಅಮೇರಿಕೆಯ ಸಂಯುಕ್ತ ಸಂಸ್ಥಾನಗಳ ಪೂರ್ವ ದಂಡೆಯಗುಂಟ ಅಟ್ಲಾಂಟಿಕ ಸಾಗರದಲ್ಲಿ ಸಂಚರಿಸುವ ಒಂದು ಜಾತಿಯ ತಿಮಿಂಗಿಲಗಳು ಈಗ ನಾಲ್ಕು ನೂರಕ್ಕೂ ಕಡಿಮೆ ಉಳಿದಿರುವವು. 2024ರ ಅಂದಾಜಿನ ಮೇರೆಗೆ ಅವುಗಳ ಸಂಖ್ಯೆ 384. ಅವುಗಳೊಳಗೆ ಮರಿ ಹಾಕತಕ್ಕ ಹೆಣ್ಣುಗಳು ಎಪ್ಪತ್ತರ ಸುಮಾರು. ನಮ್ಮ ಕಡೆಯ ಒಂದು ಸಣ್ಣ ಹಳ್ಳಿಯ ಜನದಷ್ಟೂ ಇಲ್ಲದ ಈ ಪ್ರಾಣಿಗಳ ಸಲುವಾಗಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡಿರುವವು, ಶಾಸನಸಭೆಗಳು ಕಾಯಿದೆಗಳನ್ನು ರಚಿಸಿರುವವು, ನ್ಯಾಯಾಲಯಗಳು ತೀರ್ಪು ಕೊಟ್ಟಿರುವವು. ಇಷ್ಟೆಲ್ಲ ಆಗಿಯೂ ಅವುಗಳ ಸಾವು ನಿಂತಿಲ್ಲ. ಕಾಯಿದೆಯ ಶಕ್ತಿ ಎಲ್ಲಿಯ ವರೆಗೆ, ಅದರ ದೌರ್ಬಲ್ಯ ಎಲ್ಲಿಂದ ಎಂಬುದನ್ನು ತಿಳಿಯಬಯಸುವವರಿಗೆ ಈ ವೃತ್ತಾಂತವು ವಿಚಾರಾರ್ಹವಾದುದು.

ಈ ತಿಮಿಂಗಿಲಕ್ಕೆ ಇಂಗ್ಲಿಷಿನಲ್ಲಿ 'ರೈಟ್ ವ್ಹೇಲ್' ಎಂದು ಹೆಸರು. 'ರೈಟ್' ಅಂದರೆ ತಕ್ಕುದು. ಯಾತಕ್ಕೆ ತಕ್ಕುದು? ಕೊಲ್ಲಲಿಕ್ಕೆ! ಬೇಟೆಗಾರರು ಇಟ್ಟ ಹೆಸರಿದೆಂದು ರೂಢಿಯಲ್ಲಿ ಹೇಳುವರು. ಮೆಲ್ಲಗೆ ಈಜುವದು, ದಂಡೆಯ ಸಮೀಪಕ್ಕೆ ಬರುವದು, ಸತ್ತ ಮೇಲೆ ಮುಳುಗದೆ ತೇಲುವದು, ಮೈತುಂಬ ಎಣ್ಣೆ ಕೊಡುವದು. ಆಹಾರವನ್ನು ಸೋಸಿಕೊಳ್ಳಲು ಅದರ ಬಾಯೊಳಗೆ ಜಾಲರಿಯಂತಿರುವ ಉದ್ದನೆಯ ಪಟ್ಟಿಗಳು ಯುರೋಪದ ಸ್ತ್ರೀಯರ ಬಿಗಿಯುಡುಪಿಗೂ ಕೊಡೆಯ ಕಡ್ಡಿಗಳಿಗೂ ಒದಗಿದವು. ಬಾಸ್ಕ್ ನಾವಿಕರು ಹನ್ನೊಂದನೆಯ ಶತಮಾನದ ಹೊತ್ತಿಗೇ ಆರಂಭಿಸಿದ ಈ ಬೇಟೆಯನ್ನು ಅವರ ತರುವಾಯ ಬೇರೆ ಜನಾಂಗಗಳು ಮುಂದುವರಿಸಿದವು. ಕಡೆಗೆ ರಾಷ್ಟ್ರಸಂಘದ ಆಶ್ರಯದಲ್ಲಿ 1931ರಲ್ಲಿ ಆದ ಒಪ್ಪಂದವು 1935ರಲ್ಲಿ ಜಾರಿಗೆ ಬಂದು, ಈ ಜಾತಿಯನ್ನು ಕೊಲ್ಲುವದು ನಿಷಿದ್ಧವಾಯಿತು. ರಾಷ್ಟ್ರಸಂಘವು ಅನೇಕ ಕಾರ್ಯಗಳಲ್ಲಿ ವಿಫಲವಾಯಿತೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಈ ಒಂದು ಪುಣ್ಯವು ಅದರ ಲೆಕ್ಕಕ್ಕೆ ಸಲ್ಲತಕ್ಕದ್ದು. ಮುಂದೆ 1946ರ ವಾಶಿಂಗ್ಟನ್ ಒಪ್ಪಂದದ ಕಾಲದಲ್ಲಿಯೂ ಈ ರಕ್ಷಣೆಯು ಮುಂದುವರಿಯಿತು.

ಬೇಟೆ ನಿಂತ ಮೇಲೆ ಸಂಖ್ಯೆಯು ಮೆಲ್ಲಮೆಲ್ಲನೆ ಏರಿ 2010ರ ಸುಮಾರಿಗೆ ಐದು ನೂರರ ಸಮೀಪಕ್ಕೆ ಬಂದಿತು. ಆಮೇಲೆ ಇಳಿಯತೊಡಗಿತು. 2017ನೆಯ ಒಂದೇ ವರ್ಷದಲ್ಲಿ ಹದಿನೇಳು ಶವಗಳು ದೊರೆತವು, ಹನ್ನೆರಡು ಕ್ಯಾನಡಾದಲ್ಲಿ, ಐದು ಅಮೇರಿಕೆಯಲ್ಲಿ. ಈಟಿ ಎಸೆದವರು ಯಾರೂ ಇಲ್ಲ. ಕೊಂದವು ಹಡಗು ಮತ್ತು ಹಗ್ಗ. ಮೇನ್ ಸಂಸ್ಥಾನದ ಕಡಲಿನಲ್ಲಿ ಲಾಬ್ಸ್ಟರ್ ಎಂಬ, ಸಿಗಡಿಯನ್ನು ಹೋಲುವ ದೊಡ್ಡ ಜಲಚರವನ್ನು ಹಿಡಿಯಲು ತಳದಲ್ಲಿ ಬೋನುಗಳನ್ನಿರಿಸಿ, ಅಲ್ಲಿಂದ ಮೇಲೆ ತೇಲುವ ಗುರುತಿನ ವರೆಗೆ ಹಗ್ಗ ಕಟ್ಟುವರು. ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಏಡಿ ಹಿಡಿಯುವವರ ಪದ್ಧತಿಯೂ ಇದೇ. ಬಾಯಿ ತೆರೆದು ಮುಂದೆ ಸಾಗುವ ಪ್ರಾಣಿಗೆ ಈ ಹಗ್ಗಗಳು ಬಾಯಿಗೆ, ರೆಕ್ಕೆಗೆ, ಬಾಲಕ್ಕೆ ಸುತ್ತಿಕೊಳ್ಳುವವು. ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ತಿಮಿಂಗಿಲಗಳ ಮೈಮೇಲೆ ಒಮ್ಮೆಯಾದರೂ ಸಿಕ್ಕಿಬಿದ್ದ ಗಾಯದ ಕಲೆಗಳುಂಟು. ಇದರ ಮೇಲೆ ಮೇನ್ ಕೊಲ್ಲಿಯ ನೀರು ಬಿಸಿಯಾಗಿ ಅವುಗಳ ಆಹಾರವಾದ ಸೂಕ್ಷ್ಮಜೀವಿಗಳು ಕಡಿಮೆಯಾಗಲು, ತಿಮಿಂಗಿಲಗಳು ಸೇಂಟ್ ಲಾರೆನ್ಸ್ ಕೊಲ್ಲಿಯತ್ತ ಹೊರಳಿದವು. ಕಾಯಿದೆಯು ನಕಾಶೆಯ ಮೇಲೆ ಗೆರೆ ಎಳೆದು ಹಳೆಯ ಸ್ಥಳದಲ್ಲಿಯೇ ಕಾಯುತ್ತಿತ್ತು. ರಕ್ಷಿಸಬೇಕಾದ ಪ್ರಾಣಿ ಗೆರೆ ದಾಟಿ ಹೋಗಿತ್ತು.

ತಲೆಯ ಮೇಲಿನ ಒರಟು ಬಿಳಿ ಗುರುತುಗಳಿಂದ ಶಾಸ್ತ್ರಜ್ಞರು ಒಂದೊಂದನ್ನೂ ಗುರುತಿಸಿ ಛಾಯಾಚಿತ್ರಗಳ ದಫ್ತರವನ್ನೇ ಇಟ್ಟಿರುವರು. ಅದರಲ್ಲಿ 'ಸ್ನೋ ಕೋನ್' ಎಂಬ ಹೆಣ್ಣಿನ ಕಥೆ ಇರುವದು. ಅದರ ಚೊಚ್ಚಲ ಮರಿಯು 2020ರಲ್ಲಿ ನ್ಯೂ ಜರ್ಸಿಯ ಬಳಿ ಹಡಗಿನ ಹೊಡೆತಕ್ಕೆ ಸತ್ತಿತು. 2021ರ ಮಾರ್ಚಿನಲ್ಲಿ ತಾಯಿಯೇ ಹಗ್ಗದಲ್ಲಿ ಸಿಕ್ಕಿಬಿದ್ದಿತು. ಆ ಹಗ್ಗವನ್ನು ಎಳೆದುಕೊಂಡೇ ದಕ್ಷಿಣಕ್ಕೆ ಈಜಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾರ್ಜಿಯಾದ ದಂಡೆಯಲ್ಲಿ ಎರಡನೆಯ ಮರಿಗೆ ಜನ್ಮವಿತ್ತಿತು. 2022ರ ಸಪ್ಟೆಂಬರಿನಲ್ಲಿ ಅದನ್ನು ಕಂಡಾಗ ಮರಿ ಜೊತೆಗಿರಲಿಲ್ಲ; ಮೈಗೆ ಇನ್ನಷ್ಟು ಹಗ್ಗ ಸುತ್ತಿತ್ತು. ಆ ಮೇಲೆ ಅದು ಯಾರ ಕಣ್ಣಿಗೂ ಬಿದ್ದಿಲ್ಲ.

ಇನ್ನು ಕಾಯಿದೆಯ ಮಾತು. ಅಮೇರಿಕೆಯಲ್ಲಿ ಅಳಿಯುತ್ತಿರುವ ಜೀವಜಾತಿಗಳ ರಕ್ಷಣೆಗಾಗಿ 1973ರ ಕಾಯಿದೆಯುಂಟು. 65 ಫೂಟು ಮತ್ತು ಅದಕ್ಕೂ ಉದ್ದವಾದ ಹಡಗುಗಳು ಗೊತ್ತುಪಡಿಸಿದ ಸ್ಥಳಕಾಲಗಳಲ್ಲಿ 10 ನಾಟ್, ಅಂದರೆ ತಾಸಿಗೆ ಹನ್ನೊಂದೂವರೆ ಮೈಲು, ವೇಗವನ್ನು ಮೀರಕೂಡದೆಂದು 2008ರಲ್ಲಿ ನಿಯಮವಾಯಿತು. ಇದನ್ನು 35 ಫೂಟಿನ ದೋಣಿಗಳಿಗೂ ಅನ್ವಯಿಸಬೇಕೆಂದು 2022ರಲ್ಲಿ ಹೊರಟ ಸೂಚನೆಯನ್ನು 2025ರ ಜಾನೇವಾರಿಯಲ್ಲಿ ಹಿಂತೆಗೆದುಕೊಂಡರು. ಹಗ್ಗದ ವಿಷಯದಲ್ಲಿ 2021ರ ನಿಯಮಗಳು ಸಾಲವೆಂದು ನ್ಯಾಯಾಲಯವು ಹೇಳಿದ ಮೇಲೆ, ಲಾಬ್ಸ್ಟರ್ ಉದ್ಯಮಕ್ಕೆ ಆ ನಿಯಮಗಳೇ 2028ರ ಕೊನೆಯ ವರೆಗೆ ಸಾಕೆಂದು ಅಲ್ಲಿಯ ಕಾಂಗ್ರೆಸ್ ಸಭೆಯು 2022ರ ಡಿಸೆಂಬರಿನಲ್ಲಿ ಆಯವ್ಯಯದ ಮಸೂದೆಯೊಳಗೆ ಒಂದು ಕಲಮನ್ನು ಸೇರಿಸಿಬಿಟ್ಟಿತು! 2023ರ ಜೂನಿನಲ್ಲಿ ವಾಶಿಂಗ್ಟನ್ನಿನ ಅಪೀಲು ನ್ಯಾಯಾಲಯವು, ಸಂಶಯವಿದ್ದಲ್ಲಿ ಅಧಿಕಾರಿಗಳು ಅತ್ಯಂತ ಕೆಟ್ಟ ಪರಿಣಾಮವನ್ನು ಊಹಿಸಿ ಪ್ರಾಣಿಯ ಪಕ್ಷಕ್ಕೆ ವಾಲತಕ್ಕದ್ದಲ್ಲವೆಂದು ತೀರ್ಪಿತ್ತಿತು. ನ್ಯಾಯಶಾಸ್ತ್ರದ ದೃಷ್ಟಿಯಿಂದ ತೀರ್ಪು ಸರಿಯಿದ್ದೀತು. ಆದರೆ ಸಾಕ್ಷಿಯು ಸಮುದ್ರದ ತಳಕ್ಕೆ ಇಳಿಯುವ ಅಪರಾಧಕ್ಕೆ ಸಾಕ್ಷಿಯನ್ನು ತರುವದೆಂತು? ಸಾಯುವ ಮೂರು ತಿಮಿಂಗಿಲಗಳಲ್ಲಿ ಒಂದರ ಶವ ಮಾತ್ರ ಕಣ್ಣಿಗೆ ಬೀಳುವದೆಂದು ಬಲ್ಲವರ ಲೆಕ್ಕ.

ತಮ್ಮ ಹಗ್ಗದಿಂದ ಈ ಜಾತಿಯ ಒಂದು ಪ್ರಾಣಿಯೂ ಸತ್ತದ್ದಕ್ಕೆ ಆಧಾರವಿಲ್ಲವೆಂದು ಮೇನ್ ಸಂಸ್ಥಾನದ ಮೀನುಗಾರರು ಬಹುದಿನ ವಾದಿಸಿದರು. ಆ ಸಂಸ್ಥಾನವೇ 2020ರಲ್ಲಿ ತನ್ನ ಮೀನುಗಾರರ ಹಗ್ಗಕ್ಕೆ ನೇರಳೆ ಬಣ್ಣದ ಗುರುತನ್ನು ಕಡ್ಡಾಯ ಮಾಡಿತ್ತು. 2024ರ ಜಾನೇವಾರಿಯಲ್ಲಿ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದ ದಂಡೆಗೆ ಮೂರು ವರ್ಷದ ಹೆಣ್ಣು ತಿಮಿಂಗಿಲದ ಶವ ಬಂದು ಬಿದ್ದಿತು. ಅದರ ಬಾಲದ ಬುಡದಲ್ಲಿ ಹಗ್ಗವು ಮಾಂಸದೊಳಗೆ ಹೂತುಹೋಗಿತ್ತು. ಹಗ್ಗದಲ್ಲಿ ನೇರಳೆ ಗುರುತಿತ್ತು. ಅದೇ ಪ್ರಾಣಿಯು 2022ರ ಆಗಸ್ಟಿನಲ್ಲಿಯೇ ಹಗ್ಗಸಹಿತ ಕಂಡಿತ್ತೆಂದ ಮೇಲೆ ಅದು ಎಷ್ಟು ದಿನ ನರಳಿತೆಂಬುದನ್ನು ವಾಚಕರೇ ಊಹಿಸಬಹುದು. ದೊಡ್ಡ ದೊಡ್ಡ ಕಾಯಿದೆಗಳು ಮಾಡಲಾರದ್ದನ್ನು ಒಂದು ಬಣ್ಣದ ಗುರುತು ಮಾಡಿತು.

ಇದರಿಂದ ಮೀನುಗಾರನನ್ನು ಕೊಲೆಗಾರನೆಂದು ಕರೆಯುವದು ಅನ್ಯಾಯವಾದೀತು. ಅವನು ಬಂಡವಾಳಗಾರನಲ್ಲ, ಸ್ವಂತ ದೋಣಿಯಲ್ಲಿ ಸ್ವಂತ ಮೈಮುರಿದು ದುಡಿಯುವವನು. ಮೇಲಕ್ಕೆ ಹಗ್ಗವಿಲ್ಲದೆ, ಸಂಕೇತ ಕೊಟ್ಟಾಗ ಮಾತ್ರ ಬೋನು ತೇಲಿಬರುವ ಹೊಸ ಯಂತ್ರಗಳು ಬಂದಿರುವವು. ಅವುಗಳ ಬೆಲೆ ಅವನ ಕೈಗೆ ಮೀರಿದುದು. ಜಗತ್ತಿನ ಸಂಪತ್ತನ್ನು ಕಾಯಬೇಕೆಂದು ಆಜ್ಞೆ ಮಾಡುವ ಸರಕಾರವು ಅದರ ಖರ್ಚನ್ನು ಒಬ್ಬ ಬಡವನ ತಲೆಗೆ ಕಟ್ಟಿದರೆ ಅವನು ಕಾಯಿದೆಗೆ ವೈರಿಯಾಗದೆ ಮತ್ತೇನಾದಾನು? ಈ ವಿಷಯದಲ್ಲಿ ಅಮೇರಿಕೆಯು ಗುಜರಾತದಿಂದ ಪಾಠ ಕಲಿಯಬಹುದು. ಅಲ್ಲಿ 2001ರಿಂದ ಕಾಯಿದೆಯ ರಕ್ಷಣೆ ಪಡೆದ ವ್ಹೇಲ್ ಶಾರ್ಕ್ ಎಂಬ ಹಿರಿಮೀನು (ಇದು ತಿಮಿಂಗಿಲವಲ್ಲ) ಬಲೆಗೆ ಬಿದ್ದರೆ ಬೆಸ್ತನು ಬಲೆಯನ್ನು ಕತ್ತರಿಸಿ ಬಿಟ್ಟುಬಿಡುವನು. ಬಲೆಯ ನಷ್ಟವನ್ನು ಅರಣ್ಯ ಇಲಾಖೆ ತುಂಬಿಕೊಡುವದು. ಒಂದು ಕಾಲಕ್ಕೆ ಅದನ್ನೇ ಬೇಟೆಯಾಡುತ್ತಿದ್ದ ಬೆಸ್ತರು ಅದರ ರಕ್ಷಕರಾದರು.

ಕ್ಯಾನಡಾ ಸರಕಾರವು 2017ರ ಅನಾಹುತದ ತರುವಾಯ ಸೇಂಟ್ ಲಾರೆನ್ಸ್ ಕೊಲ್ಲಿಯಲ್ಲಿ ಹಡಗುಗಳ ವೇಗವನ್ನು ಕಟ್ಟುಮಾಡಿತು. ತಿಮಿಂಗಿಲ ಕಂಡ ಸ್ಥಳದಲ್ಲಿ ಹದಿನೈದು ದಿನ ಮೀನುಗಾರಿಕೆ ನಿಲ್ಲಿಸುವ ಪದ್ಧತಿಯನ್ನೂ ತಂದಿತು. ಗೆರೆಯು ಪ್ರಾಣಿಯ ಬೆನ್ನು ಹತ್ತಿ ಸರಿಯುವದೆಂಬುದೇ ಇದರ ಹೆಚ್ಚಳ. ಅಮೇರಿಕೆಯ ಅವಧಿಯು 2028ರ ಡಿಸೆಂಬರ್ 31ಕ್ಕೆ ಮುಗಿಯುವದು. ಹಿಂದೆ ಮೂರು ವರ್ಷಕ್ಕೊಮ್ಮೆ ಮರಿ ಹಾಕುತ್ತಿದ್ದ ಹೆಣ್ಣುಗಳು ಈಗ ಆರರಿಂದ ಹತ್ತು ವರ್ಷಕ್ಕೊಮ್ಮೆ ಹಾಕುವವು. ಆದುದರಿಂದ ಹಗ್ಗವಿಲ್ಲದ ಬೋನುಗಳಿಗೆ ಬೇಕಾದ ಹಣವನ್ನು ಅಲ್ಲಿಯ ಕಾಂಗ್ರೆಸ್ ಸಭೆಯು ಆ ತಾರೀಖಿನ ದಾರಿ ಕಾಯದೆ ಈಗಲೇ ಮಂಜೂರು ಮಾಡತಕ್ಕದ್ದು.