ನಿಮಗಿದು ಗೊತ್ತೇ? ಮಂಡಿಗೆ ಬರುವ ಮುನ್ನ

ಅವರೆ ಗಿಡಕ್ಕೆ ಹಗಲಿನ ಉದ್ದ ಗೊತ್ತಾಗುತ್ತದೆ! ಮುಂಗಾರಿನಲ್ಲಿ ಬಿತ್ತಿದ ನಾಟಿ ಅವರೆ ಎಷ್ಟೇ ಸೊಂಪಾಗಿ ಹಬ್ಬಿದರೂ ಹಗಲು ಕಿರಿದಾಗುವ ತನಕ ಹೂ ಬಿಡುವುದಿಲ್ಲ. ಮಾಗಡಿ ಸೀಮೆಯ ಅವರೆಕಾಯಿ ಡಿಸೆಂಬರ್, ಜನವರಿಯ ಚಳಿಯಲ್ಲೇ ಬೆಂಗಳೂರಿಗೆ ರಾಶಿ ರಾಶಿ ಬರುವುದು ಅದಕ್ಕೇ. ಈಗ ಬೇರೆ ತಿಂಗಳಲ್ಲೂ ಕಾಯಿ ಸಿಗುತ್ತದಲ್ಲ ಎಂದರೆ, ಅದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳ ಕೊಡುಗೆ. ಹಗಲು ಉದ್ದವಿದ್ದರೂ ಗಿಡ್ಡವಿದ್ದರೂ ಅವು ಹೂ ಬಿಡುತ್ತವೆ.

ಅವರೆಯ ಸೊಗಡು ಕಾಳಿನೊಳಗೆ ಇರುವುದಿಲ್ಲ, ಸಿಪ್ಪೆಯ ಮೇಲಿನ ಎಣ್ಣೆಯಂಥ ಜಿಡ್ಡಿನಲ್ಲಿ ಇರುತ್ತದೆ. ಕಾಯನ್ನು ಎರಡು ಬೆರಳ ನಡುವೆ ಉಜ್ಜಿ ಮೂಸಿ ನೋಡಿ. ಬೆರಳು ಅಂಟಂಟಾಗಿ ಘಮ್ಮೆಂದರೆ ಕಾಯಿ ಹಂಗಾಮಿನದು. ಹೀಗೆ ಮೂಸಿ ನೋಡದೆ ಅವರೆಕಾಯಿ ತೂಗಿಸುವವರನ್ನು ಕಂಡರೆ ನನಗೆ ತಡೆದು ಹೇಳಬೇಕೆನಿಸುತ್ತದೆ.

ದೇಶದಲ್ಲಿ ಮೊದಲು ಸಾವಯವ ಕೃಷಿ ನೀತಿ ತಂದ ರಾಜ್ಯ ಕರ್ನಾಟಕ, 2004ರಲ್ಲಿ. ಪೂರ್ತಿ ಸಾವಯವ ರಾಜ್ಯವೆಂದು ಮೊದಲು ಘೋಷಿಸಿಕೊಂಡದ್ದು ಸಿಕ್ಕಿಂ, 2016ರ ಜನವರಿಯಲ್ಲಿ.

ಇವತ್ತು ರಾಸಾಯನಿಕ ಬಿಟ್ಟ ರೈತ ನಾಳೆಯೇ ಸಾವಯವ ಎಂದು ಮಾರುವಂತಿಲ್ಲ. ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಸಾಮಾನ್ಯ ನಿಯಮದಂತೆ ರಾಗಿ, ತರಕಾರಿಯಂಥ ಬೆಳೆಗೆ ಬಿತ್ತನೆಗೆ ಮುಂಚೆ 2 ವರ್ಷ, ಮಾವು, ತೆಂಗಿನಂಥ ಬಹುವಾರ್ಷಿಕ ಬೆಳೆಗೆ ಮೊದಲ ಕೊಯ್ಲಿಗೆ ಮುಂಚೆ 3 ವರ್ಷ ಆ ನೆಲ ಪರಿವರ್ತನೆಯಲ್ಲಿ ಇರಬೇಕು. ಆ ಅವಧಿಯಲ್ಲಿ ಗೊಬ್ಬರ ಹೊರುವ ಕೂಲಿ, ಕಳೆ ಕೀಳುವ ಕೂಲಿ ಎಲ್ಲವೂ ಸಾವಯವದ ಲೆಕ್ಕಕ್ಕೇ ಬೀಳುತ್ತದೆ. ಇಳುವರಿಯೂ ಎಷ್ಟೋ ಕಡೆ ಮೊದಲ ವರ್ಷಗಳಲ್ಲಿ ಕುಗ್ಗುತ್ತದೆ. ಮಂಡಿಯಲ್ಲಿ ಸಿಗುವುದು ಮಾತ್ರ ಮಾಮೂಲಿ ದರ. ಈ ಎರಡು ಮೂರು ವರ್ಷಗಳಲ್ಲೇ ಬಹಳ ಮಂದಿ ಕೈಚೆಲ್ಲುತ್ತಾರೆ. ನಿಜವಾಗಿ ಸಾವಯವ ಬೆಳೆಯಬೇಕೆಂದಿರುವವರಿಗೆ ಗಿರಾಕಿಗಳ ಬೆಂಬಲ ಅತಿ ಹೆಚ್ಚು ಬೇಕಾದದ್ದು ಈ ಪರಿವರ್ತನೆಯ ಕಾಲದಲ್ಲಿ. ಬಿಲ್ ಕೈಗೆ ಬಂದಾಗ 'ಸಾವಯವ ಯಾಕಿಷ್ಟು ದುಬಾರಿ' ಎಂದು ಕೇಳುವ ಮುನ್ನ ಆ ಖಾಲಿ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಾವಯವ ಎಂದರೆ ಏನನ್ನೂ ಸಿಂಪಡಿಸಿಲ್ಲ ಎಂದಲ್ಲ. ಬೇವಿನ ಕಷಾಯಕ್ಕೆ ಅವಕಾಶವಿದೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣಕ್ಕೂ ಮಿತಿಯೊಳಗೆ ಅವಕಾಶವಿದೆ.

ಪೊಟ್ಟಣದ ಮೇಲೆ 'ಸಾವಯವ' ಎಂದು ಅಚ್ಚು ಹಾಕಿದ್ದರೆ ಸಾವಯವ ಪ್ರಮಾಣೀಕರಣದ ಅಧಿಕೃತ ಚಿಹ್ನೆಯೂ ಇರಬೇಕು. ಆದರೆ ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಇರುವ ಸಣ್ಣ ಬೆಳೆಗಾರ ನೇರವಾಗಿ ತಿನ್ನುವವರಿಗೇ ಮಾರಿದರೆ ಪ್ರಮಾಣಪತ್ರ ಕಡ್ಡಾಯವಲ್ಲ. ಹಾಗಾಗಿ ಚಿಹ್ನೆ ಇಲ್ಲವೆಂದು ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯನ್ನು ಅನುಮಾನಿಸಬೇಕಿಲ್ಲ. ಅಂಗಡಿಯ ಹೊಳೆಯುವ ಪ್ಯಾಕೆಟ್‌ನಲ್ಲಿ ಚಿಹ್ನೆ ಇಲ್ಲದಿದ್ದರೆ ಮಾತ್ರ ಖಂಡಿತ ಕೇಳಿ.

ಅಕ್ಕಪಕ್ಕದ ಐವರು ರೈತರು ಸೇರಿದರೂ ಪ್ರಮಾಣಪತ್ರ ಪಡೆಯುವ ದಾರಿಯಿದೆ. ಪಿಜಿಎಸ್ ಎಂಬ ಈ ಪದ್ಧತಿಯಲ್ಲಿ ಒಬ್ಬರ ಹೊಲವನ್ನು ಇನ್ನೊಬ್ಬರೇ ಹೋಗಿ ಪರಿಶೀಲಿಸುತ್ತಾರೆ. ಪಕ್ಕದ ಹೊಲದವನ ಕಣ್ಣು ತಪ್ಪಿಸಿ ಯೂರಿಯಾ ಎರಚುವುದು ಹಳ್ಳಿಯಲ್ಲಿ ಸುಲಭದ ಮಾತಲ್ಲ.

ಹಾಲು ಒಕ್ಕೂಟಗಳ ವ್ಯಾಪ್ತಿಯನ್ನೇ ಹಿಡಿದು ರಾಜ್ಯದಲ್ಲಿ 14 ಪ್ರಾಂತೀಯ ಸಾವಯವ ಕೃಷಿಕರ ಒಕ್ಕೂಟಗಳನ್ನು ಕಟ್ಟಲಾಯಿತು. ಕಾರಣ ಸರಳ, ಸಾವಯವಕ್ಕೆ ಬೇರೆ ಮಾರಾಟದ ದಾರಿ ಬೇಕಿತ್ತು. ಮಂಡಿಯ ಹರಾಜಿನಲ್ಲಿ ಸಾವಯವ ರಾಗಿಯ ಚೀಲವೂ ಮಾಮೂಲಿ ರಾಗಿಯ ಚೀಲವೂ ಒಂದೇ ಸಾಲಿನಲ್ಲಿ ಕೂರುತ್ತವೆ, ಒಂದೇ ದರಕ್ಕೆ ಹೋಗುತ್ತವೆ.

ಪತ್ರಿಕೆಯ ಧಾರಣೆ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಅಂಕಿ ಇರುತ್ತವೆ. 'ಮಾದರಿ' ಬೆಲೆ ಕನಿಷ್ಠ ಗರಿಷ್ಠಗಳ ಸರಾಸರಿಯಲ್ಲ, ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಗರಿಷ್ಠ ದರ ಒಂದೇ ಒಂದು ಒಳ್ಳೆಯ ಲಾಟಿಗೆ ಸಿಕ್ಕಿದ್ದಿರಬಹುದು. ಅದನ್ನು ನಂಬಿ ಲಾರಿ ಹತ್ತಿಸಿದರೆ ನಿರಾಸೆ ಖಂಡಿತ.

ಕರ್ನಾಟಕದ ಎಪಿಎಂಸಿ ಕಾಯ್ದೆಯಂತೆ ದಲ್ಲಾಳಿ ಕಮಿಷನ್ ಹಿಡಿಯಬೇಕಾದದ್ದು ಕೊಳ್ಳುವವರಿಂದ, ರೈತರಿಂದಲ್ಲ. ಆದರೂ ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ರೈತನ ಹಣದಲ್ಲೇ ಮುರಿದುಕೊಳ್ಳುವ ಚಾಳಿ ಇನ್ನೂ ಹೋಗಿಲ್ಲ. ಇದು ಸಣ್ಣ ವಿಷಯವೆಂದು ನಾನು ಒಪ್ಪುವುದಿಲ್ಲ. ಬೆಳಗಿನ ಜಾವ ಮಾಲು ತಂದು ನಿಂತವನಿಗೆ ನೂರು ರೂಪಾಯಿಗೆ ಐದೋ ಹತ್ತೋ ಖೋತಾ ಆದರೂ ಅದು ಅವನ ಕೂಲಿಯೇ.

ದೇಶದ ಮಂಡಿಗಳನ್ನು ಜೋಡಿಸುವ ಇ-ನಾಮ್ ಆನ್‌ಲೈನ್ ಮಾರುಕಟ್ಟೆ 2016ರ ಏಪ್ರಿಲ್ 14ರಂದು ಶುರುವಾಯಿತು. ಅದಕ್ಕೆ ಮಾದರಿಯಾದ ಆನ್‌ಲೈನ್ ಟೆಂಡರ್ ಕರ್ನಾಟಕದ ಮಂಡಿಗಳಲ್ಲಿ ಅದಕ್ಕೂ ಮೊದಲೇ ನಡೆಯುತ್ತಿತ್ತು.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಕಡ್ಡಿ, ಡಬ್ಬಿ ಎರಡೂ ಬಗೆಯಲ್ಲಿ ಸಿಪ್ಪೆ ಸುಕ್ಕು ಸುಕ್ಕಾಗಿರುತ್ತದೆ, ಖಾರ ಕಡಿಮೆ. ಇದರಿಂದ ತೆಗೆಯುವ ಒಲಿಯೊರೆಸಿನ್ ಎಂಬ ಗಟ್ಟಿ ಕೆಂಪು ಸತ್ವ ಆಹಾರಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಶಿ ಬೀಳುವುದೆಲ್ಲ ಹಾವೇರಿ ಜಿಲ್ಲೆಯ ಮಾಲಲ್ಲ. ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಚೀಲಗಳು ಬರುತ್ತವೆ.

ಬೆಂಗಳೂರು ಗುಲಾಬಿ ಈರುಳ್ಳಿ ಬೆಂಗಳೂರಿನವರ ಅಡುಗೆಮನೆಗೆ ಬರುವುದೇ ಅಪರೂಪ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆದು ಮಲೇಷ್ಯಾ, ಸಿಂಗಪುರಕ್ಕೆ ಹಡಗು ಹತ್ತುತ್ತದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದಾಗ ಈ ಬೆಳೆಗಾರರು ಕಂಗಾಲಾದರು, ಏಕೆಂದರೆ ಅವರಿಗೆ ಒಳಗಿನ ಮಾರುಕಟ್ಟೆಯೇ ಇಲ್ಲ. ಮರು ತಿಂಗಳೇ ಗುಲಾಬಿ ಈರುಳ್ಳಿಗೆ ವಿನಾಯಿತಿ ಬಂತು.

ಕೋಲಾರದ ಟೊಮೆಟೊ 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. 2023ರ ಜುಲೈನಲ್ಲಿ ಆ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಗಿಟ್ಟದೆ ಅದೇ ಹಣ್ಣನ್ನು ರಸ್ತೆ ಬದಿ ಸುರಿದ ವರ್ಷಗಳೂ ಇವೆ. ಅಂದಹಾಗೆ, ಟೊಮೆಟೊವನ್ನು ಫ್ರಿಜ್‌ನಲ್ಲಿ ಇಡಬೇಡಿ, ಆ ಚಳಿಗೆ ರುಚಿ, ವಾಸನೆ ಎರಡೂ ಕುಂದುತ್ತವೆ.

ಹಾಪ್‌ಕಾಮ್ಸ್ ಹುಟ್ಟಿದ್ದು ದ್ರಾಕ್ಷಿಗಾಗಿ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾಯಿತು. ತೋಟಗಾರಿಕೆಯ ಎಂ.ಎಚ್. ಮರಿಗೌಡರ ಕಾಳಜಿ ಅದರ ಹಿಂದಿತ್ತು. ಬೇಗ ಕೆಡುವ ಹಣ್ಣನ್ನು ಇಟ್ಟುಕೊಂಡು ದಲ್ಲಾಳಿಯ ಮುಂದೆ ಕೈಕಟ್ಟಿ ನಿಲ್ಲುವ ಕಷ್ಟ ದ್ರಾಕ್ಷಿ ಬೆಳೆದವರಿಗೇ ಗೊತ್ತು.

ಮಂಡ್ಯದ ಬೆಲ್ಲಕ್ಕೆ ಬೆಂಡೆ ಗಿಡ ಬೇಕು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಹಾಕಿದರೆ ಮಡ್ಡಿಯೆಲ್ಲ ನೊರೆಯ ಜತೆ ಮೇಲೇರಿ ಬರುತ್ತದೆ, ಅದನ್ನು ಜಾಲರಿಯಿಂದ ಬಳಿದು ಬಿಸಾಡುತ್ತಾರೆ. ಬೆಲ್ಲ ಹಳದಿಯಾಗಿ ಥಳಥಳ ಹೊಳೆಯಬೇಕೆಂದು ಗಿರಾಕಿ ಕೇಳಿದಾಗ ಹೈಡ್ರೋಸ್ ಎಂಬ ಬಿಳುಪು ಪುಡಿ ಬಂತು. ಆ ಪುಡಿ ಹಾಕದ ಸಾವಯವ ಬೆಲ್ಲ ಕಂದು ಬಣ್ಣದ್ದೇ ಇರುತ್ತದೆ. ಮಂಡಿಯಲ್ಲಿ ಬೆಲ್ಲ ಅಚ್ಚು, ಬಕೆಟ್, ಕುರಿಕಟ್ಟು ಎಂದು ಆಕಾರದ ಹೆಸರಲ್ಲಿ ಮಾರಾಟವಾಗುತ್ತದೆ. ಬಣ್ಣ ನೋಡಿ ಬೆಲ್ಲ ಕೊಳ್ಳುವ ಅಭ್ಯಾಸ ನಾವು ಬಿಟ್ಟರೆ ಆಲೆಮನೆಯವರೂ ಆ ಪುಡಿ ಬಿಡುತ್ತಾರೆ.

ತಿಪಟೂರಿನ ಉಂಡೆ ಕೊಬ್ಬರಿ ಆಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಪೇರಿಸಿ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಬತ್ತಬೇಕು, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳಬೇಕು. ಕಾಯಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಗಡಗಡ ಸದ್ದು ಬಂದರೆ ಕೊಬ್ಬರಿ ಆಯಿತು. ಆಮೇಲೆ ಚಿಪ್ಪನ್ನು ಒಡೆಯುವಾಗ ಉಂಡೆಗೆ ಏಟು ತಾಗಬಾರದು, ತಾಗಿ ಒಡೆದರೆ ಉಂಡೆಯ ದರ ಸಿಗದು. ಈ ಒಂದು ವರ್ಷದ ಬಡ್ಡಿಯನ್ನು ಬೆಳೆಗಾರನೇ ಹೊರುತ್ತಾನೆ.

ಮಾವು ಹಣ್ಣು ಮಾಡಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ನಿಷಿದ್ಧ. ಅದರಿಂದ ಹೊಮ್ಮುವ ಅನಿಲದಲ್ಲಿ ಆರ್ಸೆನಿಕ್, ರಂಜಕದ ಅಂಶ ಇರುತ್ತದೆ. ಎಥಿಲೀನ್ ಅನಿಲಕ್ಕೆ ಮಾತ್ರ ಮಿತಿಯೊಳಗೆ ಅನುಮತಿಯಿದೆ, ಅದು ಹಣ್ಣು ಸ್ವತಃ ಬಿಡುವ ಅನಿಲವೇ. ರಾಮನಗರದ ಮಾವು ಏಪ್ರಿಲ್‌ಗೇ ಬಂದರೆ ಶ್ರೀನಿವಾಸಪುರದ್ದು ಅದರ ಹಿಂದೆ, ಜುಲೈವರೆಗೂ. ಏಪ್ರಿಲ್‌ಗಿಂತ ಬಹಳ ಮುಂಚೆಯೇ ಮೈಯೆಲ್ಲ ಒಂದೇ ಸಮನೆ ಹಳದಿಯಾದ ಹಣ್ಣು ಬಂಡಿಯಲ್ಲಿ ಕಂಡರೆ ಕೊಳ್ಳಬೇಡಿ.

2019ರಿಂದ ಬೆಂಗಳೂರಿನಲ್ಲಿ ಅಂಚೆ ಇಲಾಖೆ ಮಾವಿನ ಹಣ್ಣನ್ನೂ ಮನೆಗೆ ತಲುಪಿಸುತ್ತಿದೆ, ರೈತರ ತೋಟದಿಂದ ಬಂದ ಬಾಕ್ಸನ್ನೇ.

2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆ ನಮ್ಮ ತೋತಾಪುರಿ ಮಾವಿಗೆ ಗಡಿ ಮುಚ್ಚಿತು. ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನೆಚ್ಚಿದ್ದ ಕೋಲಾರದ ಬೆಳೆಗಾರರಿಗೆ ಕೊಯ್ಲಿನ ಕಾಲದಲ್ಲೇ ಬಿದ್ದ ಪೆಟ್ಟು ಅದು. ಮಾವಿನ ನಾಡಿನಲ್ಲಿ ಸಾಕಷ್ಟು ತಿರುಳಿನ ಕಾರ್ಖಾನೆಗಳಿಲ್ಲದ ಕೊರತೆ ಆಗ ಎಲ್ಲರಿಗೂ ಕಂಡಿತು.

ಅಪ್ಪೆಮಿಡಿ ನೆಲಕ್ಕೆ ಬಿದ್ದರೆ ಮುಗಿಯಿತು. ಪೆಟ್ಟಾದ ಒಂದು ಮಿಡಿ ಇಡೀ ಜಾಡಿಯ ಉಪ್ಪಿನಕಾಯಿ ಕೆಡಿಸುತ್ತದೆ. ಅದಕ್ಕೇ ಸಾಗರ, ಶಿರಸಿ ಕಡೆ ಹೊಳೆ ಅಂಚಿನ ಎತ್ತರದ ಮರ ಹತ್ತಿ, ತೊಟ್ಟು ಉಳಿಸಿ ಕೊಯ್ದು, ಹಗ್ಗದಲ್ಲಿ ಇಳಿಬಿಡುತ್ತಾರೆ. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳವೂ ಹೋಯಿತು. ಮರ ಹತ್ತುವವರು ಜೀವ ಕೈಯಲ್ಲಿ ಹಿಡಿದು ಹತ್ತುತ್ತಾರೆ. ಮಿಡಿ ತುಟ್ಟಿ ಎನ್ನುವವರ ಮಾತು ನನಗೆ ಸರಿಕಾಣದು.

ನಂಜನಗೂಡು ರಸಬಾಳೆಯನ್ನು ಪನಾಮ ಸೊರಗು ರೋಗ ಹೆಚ್ಚುಕಡಿಮೆ ಅಳಿಸಿಯೇ ಬಿಟ್ಟಿತ್ತು. ಆ ಹೆಸರಲ್ಲಿ ಕೇಳಿದ ಕೂಡಲೇ ಸಿಗುವ ಹಣ್ಣೆಲ್ಲ ಅದೇ ಎಂದು ನಂಬಬೇಡಿ.

ಸಾಮೆ, ನವಣೆಯನ್ನು ಹೊಟ್ಟು ಸಮೇತ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಟ್ಟು ತೆಗೆದು ಅಕ್ಕಿ ಮಾಡಿದ ಮೇಲೆ ತೌಡಿನ ಎಣ್ಣೆ ಗಾಳಿಗೆ ಸಿಕ್ಕಿ ಕೆಲವೇ ತಿಂಗಳಲ್ಲಿ ಕಮಟು ಬರುತ್ತದೆ. ಸಗಟಾಗಿ ಕೊಳ್ಳುವವರು ಪ್ಯಾಕ್ ಮಾಡಿದ ದಿನಕ್ಕಿಂತ ಹೊಟ್ಟು ತೆಗೆದ ದಿನವನ್ನು ಕೇಳಬೇಕು.

ಇನ್ನು ರಾಗಿ. ಹಳೇ ಮೈಸೂರಿನ ಊರುಗಳಲ್ಲಿ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ, ಅಂದರೆ ಹಗೇವಿನ ಬಾಯಿ ಮುಚ್ಚಿದ ಮೇಲೆ ಕಾಳಿನ ಉಸಿರಾಟಕ್ಕೇ ಒಳಗಿನ ಆಮ್ಲಜನಕ ಮುಗಿಯುತ್ತಿತ್ತು, ಹುಳು ಬದುಕುತ್ತಿರಲಿಲ್ಲ. ಔಷಧಿ ಇಲ್ಲದೆ ವರ್ಷಾನುಗಟ್ಟಲೆ ರಾಗಿ ಉಳಿಯುತ್ತಿದ್ದದ್ದು ಹೀಗೆ. ಆದರೆ ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಮೊದಲು ಹಚ್ಚಿದ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇನ್ನೂ ಗಾಳಿ ಆಡಲು ಬಿಟ್ಟು ಕಾಯಬೇಕಿತ್ತು.