ತೋಳದ ಮೇಲಿನ ಹಳೆಯ ಆರೋಪ

ತೋಳ ಅಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಮದ್ರಸದಲ್ಲಿ ಕೇಳಿದ ಯೂಸುಫ್ ನಬಿ(ಅ)ಯವರ ಕಥೆ. ಅಣ್ಣಂದಿರು ತಮ್ಮನನ್ನು ಬಾವಿಗೆ ಹಾಕಿ, ಅಂಗಿಗೆ ಸುಳ್ಳು ರಕ್ತ ಹಚ್ಚಿ, ತೋಳ ತಿಂದಿತು ಅಂತ ತಂದೆಗೆ ಹೇಳಿದರು. ರಜೆಯಲ್ಲಿ ಹಂಪಿಗೆ ಹೋದವರು ಗಂಗಾವತಿ ಕಡೆ ಕಾರು ತಿರುಗಿಸಿದಾಗ ಸಣ್ಣ ಮಗಳು ಕೇಳಿದಳು, "ಬಾಪಾ, ಆ ತೋಳ ಏನೂ ಮಾಡಿರ್ಲಿಲ್ಲ ಅಲ್ವಾ?"

ನಾವು ಹೊರಟದ್ದು ಬಂಕಾಪುರಕ್ಕೆ. ನವಿಲುಗಳಿಗೆ ಹೆಸರಾದ ಹಾವೇರಿಯ ಬಂಕಾಪುರ ಅಲ್ಲ, ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನದ್ದು. ಇಲ್ಲಿ ಸುಮಾರು 332 ಎಕರೆ ಜಾಗ ತೋಳಗಳಿಗಾಗಿಯೇ ಇರುವ ವನ್ಯಧಾಮ. ಜಾರ್ಖಂಡಿನ ಮಹುವಾಡಾಂಡ್‌ನಲ್ಲಿ 1976ರಲ್ಲೇ ಇಂಥದ್ದೊಂದು ಆಗಿದೆ.

ಕರಾವಳಿಯ ಹಸಿರು ನೋಡಿದ ನಮ್ಮ ಕಣ್ಣಿಗೆ ಇದು ಕಾಡೇ ಅಲ್ಲ. ಕಲ್ಲುಗುಡ್ಡ, ಕುರುಚಲು ಗಿಡ, ಒಣಹುಲ್ಲು. ಆದರೆ ತೋಳಕ್ಕೆ ಬೇಕಾದದ್ದು ಇದೇ. ಹಗಲು ಕಲ್ಲಿನ ಪೊಟರೆಯಲ್ಲಿ, ಪೊದೆಯ ನೆರಳಲ್ಲಿ ಮಲಗಿ, ಕತ್ತಲಾಗುವ ಹೊತ್ತಿಗೆ ಮೊಲ, ಇಲಿ ಹುಡುಕಿ ಹೊರಡುತ್ತದೆ. ಇಂಥ ಬಯಲನ್ನು "ಬೀಳುಭೂಮಿ" ಅಂತ ಬರೆದು ಬೇರೆ ಕೆಲಸಕ್ಕೆ ಕೊಟ್ಟರೆ ಅದರ ಮನೆಯೇ ಹೋಯಿತು. ದೇಶದಲ್ಲಿ ಉಳಿದಿರುವುದು ಅಂದಾಜು ಮೂರು ಸಾವಿರ ತೋಳ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಇದರ ಹೆಸರಿದೆ.

ನಮಗೆ ತೋಳ ಕಾಣಲಿಲ್ಲ. ರಸ್ತೆ ಬದಿ ಕುರಿಗಾಹಿಯೊಬ್ಬರು ಸಿಕ್ಕಿದರು. ಅವರ ಎರಡು ಮರಿಗಳನ್ನು ತೋಳ ಹೊತ್ತೊಯ್ದಿತ್ತಂತೆ. ಸಿಟ್ಟಿಲ್ಲವಾ ಅಂತ ಕೇಳಿದೆ. ಸಿಟ್ಟುಂಟು, ಆದರೂ ಅದರ ಮರಿಗಳಿರುವ ಗುಹೆಗೆ ಹೊಗೆ ಹಾಕುವ ಮನಸ್ಸು ಬರುವುದಿಲ್ಲ ಅಂದರು. ಬಡವನ ಎರಡು ಮರಿ ಅಂದರೆ ಸಣ್ಣ ನಷ್ಟವಲ್ಲ. ಅರಣ್ಯ ಇಲಾಖೆಯ ಪರಿಹಾರ ಇಂಥವರ ಕೈಗೆ ಬೇಗ ಸೇರಿದರೆ ತೋಳವೂ ಉಳಿಯುತ್ತದೆ.

ನಾವೇನು ಮಾಡಬಹುದು? ಹೋಗುವುದಾದರೆ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಫೋಟೋ ಆಸೆಗೆ ಗುಹೆಯ ಹತ್ತಿರ ಹೋಗಬಾರದು, ಹೆದರಿದ ತಾಯಿ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದೆ. ಉಳಿದ ಬಿರಿಯಾನಿ, ಎಲುಬು ಅಲ್ಲಿ ಎಸೆಯಲೇಬೇಡಿ. ಅದಕ್ಕೆ ಬೀದಿನಾಯಿಗಳು ಬರುತ್ತವೆ, ಅವುಗಳಿಂದ ರೇಬಿಸ್, ಡಿಸ್ಟೆಂಪರ್ ತೋಳಗಳಿಗೆ ಹರಡುತ್ತದೆ. ನಾಯಿಯ ಜೊತೆ ಬೆರಕೆಯಾಗಿ ತೋಳದ ತಳಿಯೂ ಕೆಡುತ್ತದೆ.

ವಾಪಸ್ ಬರುವಾಗ ಮಗಳಿಗೆ ಉತ್ತರ ಕೊಟ್ಟೆ: "ಹೌದು ಮಗಾ, ಆ ತೋಳ ಏನೂ ಮಾಡಿರ್ಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಅಂದಳು, "ಹಾಗಾದ್ರೆ ಪಾಪ ಅಲ್ವಾ, ಅದನ್ನು ಯಾರೂ ಕೇಳ್ಲೇ ಇಲ್ಲ."