ನಾಟಿಗೆ ಮೊದಲು ಒಂದು ದಿನ ಒಳರಸ್ತೆ ಸುತ್ತಿ

ಟೊಮೆಟೊ ಹಾಕೋದಾ, ಸಾಂಬಾರ್ ಈರುಳ್ಳಿನಾ? ಮೊಬೈಲ್‌ನಲ್ಲಿ ಕಾಣೋದು ಇವತ್ತು ಕೊಯ್ದವರಿಗೆ ಸಿಕ್ಕ ರೇಟು. ನಿಮ್ಮ ಬೆಳೆ ಬರುವಾಗಿನ ರೇಟಿನ ಸುಳಿವು ಸುತ್ತಲಿನ ಹೊಲಗಳಲ್ಲಿದೆ.

ಅದಕ್ಕೇ ಪ್ರತಿ ಹಂಗಾಮಿಗೆ ಮೊದಲು ಭೀಮನಬೀಡಿನಿಂದ ಕಾರು ತೆಗೆದು, ಗುಂಡ್ಲುಪೇಟೆ ದಾಟಿ ತೆರಕಣಾಂಬಿವರೆಗೆ ಆದಷ್ಟೂ ಹಳ್ಳಿ ರಸ್ತೆಗಳಲ್ಲೇ ಹೋಗಿ ಬರ್ತೀನಿ. ಒಬ್ಬನೇ. ಜೊತೆಗೆ ಯಾರಾದ್ರೂ ಇದ್ರೆ ಮಾತು ಜಾಸ್ತಿ, ಲೆಕ್ಕ ಕಮ್ಮಿ.

ನೋಡಬೇಕಾದ್ದು ಇಷ್ಟು:

1. ಎರಡು ಕಿ.ಮೀ.ಗೊಮ್ಮೆ ಕಾರು ನಿಲ್ಲಿಸಿ, ಹತ್ತು ಹೊಲ ಎಣಿಸಿ. ಬೆಳೆ, ಅದರ ವಯಸ್ಸು ಫೋನಿನಲ್ಲಿ ಬರೆದುಕೊಳ್ಳಿ. ಸಾಂಬಾರ್ ಈರುಳ್ಳಿ ಸುಮಾರು 70 ದಿನಕ್ಕೆ ಕೀಳೋಕೆ ಬರುತ್ತೆ. ಟೊಮೆಟೊ ನಾಟಿಯಾಗಿ ಎರಡು, ಎರಡೂವರೆ ತಿಂಗಳಿಗೆ ಕೊಯ್ಲು ಶುರು. ಅರಿಶಿನ 8–9 ತಿಂಗಳು ಜಾಗ ಬಿಡೋದಿಲ್ಲ.

2. ನರ್ಸರಿಯಲ್ಲಿ ಯಾವ ಸಸಿಗೆ ಬುಕಿಂಗ್ ಜಾಸ್ತಿ ಅಂತ ಕೇಳಿ. ಹೊಲದಲ್ಲಿ ಇನ್ನೂ ಕಾಣದ ಬೆಳೆ ಅಲ್ಲಿ ಕಾಣುತ್ತೆ.

3. ಟೊಮೆಟೊ ಎಲೆ ಮುದುಡಿದ್ಯಾ ನೋಡಿ. ಎಲೆ ಮುಟುರು ರೋಗ ಹರಡೋದು ಬಿಳಿನೊಣ. ಅದಕ್ಕೆ ಬೇಲಿ ಲೆಕ್ಕಕ್ಕಿಲ್ಲ.

4. ತೆರಕಣಾಂಬಿ ಮಾರುಕಟ್ಟೆಯಲ್ಲಿ ಕೇರಳಕ್ಕೆ ಏನು ಲೋಡ್ ಆಗ್ತಿದೆ, ಓಣಂಗೆ ಏನು ಬೇಕು ವಿಚಾರಿಸಿ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಲಾರಿ ಯಾವಾಗ ಹೊರಡುತ್ತೋ ಅದಕ್ಕೆ ತಕ್ಕಂತೆ ನಿಮ್ಮ ಕೊಯ್ಲು.

ಹತ್ತರಲ್ಲಿ ಐದು ಹೊಲ ಒಂದೇ ಬೆಳೆಯಾದ್ರೆ, ನಾನು ಅದನ್ನ ಅಂದುಕೊಂಡಿದ್ದರ ಅರ್ಧಕ್ಕೆ ಇಳಿಸಿ, ಉಳಿದ ಜಾಗಕ್ಕೆ ಬೀನ್ಸ್ ಅಥವಾ ಚೆಂಡು ಹೂ ಹಾಕ್ತೀನಿ. ಲಾಭ ಗ್ಯಾರಂಟಿ ಅಂತಲ್ಲ, ಆದ್ರೆ ರೇಟು ಬಿದ್ದಾಗ ಇಡೀ ಹೊಲ ಬೀಳೋದಿಲ್ಲ.

ಕಾಡಂಚಿನ ರಸ್ತೆಗಳಲ್ಲಿ ಆನೆ ಓಡಾಟ ಇರುತ್ತೆ, ಕತ್ತಲಾಗೋ ಮೊದಲೇ ಮನೆ ಸೇರಿ.